ದಾರಿಯಲ್ಲಿ ಸಿಗುವ ರಾಜಧಾನಿ

ಡಿಸೆಂಬರ್ ಬಂತೆಂದರೆ ನಮ್ಮ ಕಡೆಯ ಜನಕ್ಕೆ ಎಲ್ಲಿಗಾದರೂ ಹೋಗಲೇಬೇಕೆಂಬ ಚಡಪಡಿಕೆ ಶುರುವಾಗುತ್ತದೆ. ಶಾಲೆಯ ಮಕ್ಕಳು ಹಂಪಿ, ಬೇಲೂರು, ಜೋಗ ಎಂದು ರಾತ್ರಿಯೇ ಬಸ್ಸು ಹತ್ತುತ್ತಾರೆ. ಮೇಷ್ಟ್ರು ಮಂಕಿ ಕ್ಯಾಪಿನೊಳಗಿಂದ ತಲೆ ಎಣಿಸುತ್ತಾರೆ. ಬೆಂಗಳೂರಿನವರು ಊಟಿಗೋ ಮಡಿಕೇರಿಗೋ ಹೋಗಿ, ಅಲ್ಲಿಗೆ ಬಂದಿರುವ ಬೆಂಗಳೂರಿನವರನ್ನು ನೋಡಿಕೊಂಡು ವಾಪಸಾಗುತ್ತಾರೆ. ಮಾಲೂರಿನವನಾದ ನಾನು ಕೋಲಾರಕ್ಕೆ ಹೋಗುತ್ತೇನೆ. ಇದನ್ನು ಯಾರ ಮುಂದೆ ಹೇಳಿದರೂ ಅವರ ಮುಖದಲ್ಲಿ ಕಳವಳ ಮೂಡುತ್ತದೆ. “ಯಾಕೆ, ಕೋರ್ಟಲ್ಲಿ ಏನಾದ್ರೂ ಕೇಸಿತ್ತಾ?” ಕೇಸಿಲ್ಲ ಎಂದರೆ, “ಹಂಗಾದ್ರೆ ಡಿ.ಸಿ. ಆಫೀಸಾ? ಪಹಣಿ ತೊಂದರೆನಾ?” ಜಿಲ್ಲಾ ಕೇಂದ್ರಕ್ಕೆ ಮನುಷ್ಯ ಸಂತೋಷಕ್ಕಾಗಿ ಹೋಗಬಹುದೆಂಬುದನ್ನು ನಮ್ಮ ತಾಲ್ಲೂಕು ಇನ್ನೂ ಒಪ್ಪಿಕೊಂಡಿಲ್ಲ.

ಈ ಸಲ ಭಾವಮೈದನೂ ಜೊತೆಗೆ ಬಂದ. ಬೆಂಗಳೂರಿನಲ್ಲಿ ಕೋರಮಂಗಲದ ಹತ್ತಿರ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವ ಹುಡುಗ. ಕೆಜಿಎಫ್ ಸಿನಿಮಾದ ಎರಡೂ ಭಾಗಗಳ ಡೈಲಾಗುಗಳು ಬಾಯಿಪಾಠ. ಕೋಲಾರ ಎಂದೊಡನೆ ಕಣ್ಣರಳಿಸಿ, “ಚಿನ್ನದ ಗಣಿ ತೋರಿಸ್ತೀರಾ ಭಾವ?” ಎಂದ. ಗಣಿ ಇದ್ದದ್ದು ಕೋಲಾರದಿಂದ ಸುಮಾರು ಮೂವತ್ತು ಕಿಲೋಮೀಟರ್ ಆಚೆ ಎಂದೆ. ಜಾನ್ ಟೇಲರ್ ಕಂಪನಿಯವರು ಬಂದು ಅಗೆದದ್ದು, 1902ರಲ್ಲಿ ಶಿವನಸಮುದ್ರದ ಕರೆಂಟು ಬೆಂಗಳೂರಿಗೂ ಮೊದಲೇ ಅಲ್ಲಿಗೆ ಬಂದದ್ದು, ಕಡೆಗೆ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ್ದು ಎಲ್ಲ ಹೇಳಿದೆ. “ಅಂದ್ರೆ ಚಿನ್ನವೂ ಇಲ್ಲ, ಗಣಿಯೂ ಇಲ್ಲ, ಹೆಸರು ಮಾತ್ರ ಕೋಲಾರದ್ದು?” “ಹೌದಪ್ಪ.” ಅವನು ಕಿಟಕಿಯ ಕಡೆ ತಿರುಗಿ ಕೂತ.

ಕಿಟಕಿಯಾಚೆ ಮಾಲೂರು ತನ್ನ ಚಳಿಗಾಲದ ಕೆಲಸದಲ್ಲಿತ್ತು. ಮಳೆಯಿಲ್ಲದ ತಿಂಗಳುಗಳೇ ಇಟ್ಟಿಗೆಯವರಿಗೆ ಸುಗ್ಗಿ. ಗೂಡಿನ ಹೊಗೆ ಬೆಳಗಿನ ಮಂಜಿಗೆ ಬೆರೆತು, ಯಾವುದು ಮಂಜು ಯಾವುದು ಹೊಗೆ ಎಂದು ಮೂಗಿಟ್ಟು ನೋಡಿದರೇ ತಿಳಿಯಬೇಕು. ಈ ಊರಿನ ಹೆಂಚು ಎಷ್ಟೋ ಊರುಗಳ ಮನೆ ಹೊದೆಸಿದೆ. ಆರ್‌ಸಿಸಿ ಬಂದಮೇಲೆ ಹೆಂಚಿಗೆ ಮನೆಗಳಲ್ಲಿ ಜಾಗ ತಪ್ಪಿ, ಈಗ ಅದು ರೆಸಾರ್ಟುಗಳ ಮೇಲೆ ಕೂತಿದೆ.

ಇನ್ನು ನಮ್ಮ ಚಳಿ. ಅದೂ ಪೂರ್ತಿ ನಮ್ಮದಲ್ಲ. ಪೂರ್ವದಲ್ಲೆಲ್ಲೋ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಚೆನ್ನೈಯಲ್ಲಿ ಶಾಲೆಗೆ ರಜೆ, ಮಾಲೂರಿನಲ್ಲಿ ನೆಗಡಿ. ಎರಡು ಮೂರು ದಿನ ಸೂರ್ಯ ಕಾಣಿಸುವುದಿಲ್ಲ, ಸುರಿಯದೆ ಬಿಡದೆ ಜಿಟಿಜಿಟಿ, ಒಗೆದ ಬಟ್ಟೆ ಹಗ್ಗದ ಮೇಲೇ ವಾಸನೆ ಬರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಆಕಾಶ ತೊಳೆದಿಟ್ಟು, ನಿಜವಾದ ಚಳಿ ಇಳಿಯುತ್ತದೆ. ನಾವು ಹೊರಟದ್ದು ಅಂಥ ಒಂದು ಬೆಳಿಗ್ಗೆ.

ನರಸಾಪುರದ ಹತ್ತಿರ ಬಸ್ಸು ಹೆದ್ದಾರಿಗೆ ಸೇರಿತು. ಇಲ್ಲಿ ಒಂದು ಕಡೆ ಸ್ಕೂಟರು, ಮೊಬೈಲುಗಳ ಕಾರ್ಖಾನೆ. ಇನ್ನೊಂದು ಕಡೆ ತುಂಬಿದ ಕೆರೆ. ನದಿಯೆಂದು ಹೇಳಿಕೊಳ್ಳುವಂಥದ್ದು ಹರಿಯದ ನಮ್ಮ ಜಿಲ್ಲೆಯಲ್ಲಿ ಬೇಸಿಗೆಯಲ್ಲೂ ಕೆರೆ ತುಂಬಿರುವುದು ಹೊಸ ನೋಟ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಯಲ್ಲಿ ಇಲ್ಲಿಗೆ ತಳ್ಳುತ್ತಿದ್ದಾರೆ. ನೂರಿಪ್ಪತ್ತಾರು ಕೆರೆ ತುಂಬಿಸುವ ಯೋಜನೆ. ಬೋರ್‌ವೆಲ್ಲಿನಲ್ಲಿ ನೀರು ಮೇಲೆ ಬಂತೆಂದು ಸಂತೋಷಪಡುವ ರೈತರೂ ಇದ್ದಾರೆ, ಆ ನೀರಿನ ಬಗ್ಗೆ ಮೂಗು ಮುರಿಯುವವರೂ ಇದ್ದಾರೆ, ಎರಡನ್ನೂ ಒಟ್ಟಿಗೆ ಮಾಡುವ ನನ್ನಂಥವರೂ ಇದ್ದೇವೆ. ಭಾವಮೈದನಿಗೆ ಕೆರೆ ತೋರಿಸಿ, “ನೋಡಪ್ಪ, ನೀನು ಸ್ನಾನ ಮಾಡಿದ ನೀರು ನಿನಗಿಂತ ಮೊದಲೇ ಬಂದು ಕೂತಿದೆ” ಎಂದೆ. ಫೋಟೋ ತೆಗೆಯಲು ಎತ್ತಿದ್ದ ಮೊಬೈಲನ್ನು ಅವನು ಜೇಬಿಗಿಟ್ಟುಕೊಂಡ.

ಹೆದ್ದಾರಿಯಲ್ಲಿ ನಮ್ಮನ್ನು ದಾಟಿ ಹೋದವರನ್ನು ನೋಡಿದರೆ ಈ ತಿಂಗಳ ದೇವರುಗಳನ್ನು ಬಣ್ಣದಿಂದಲೇ ಗುರುತು ಹಿಡಿಯಬಹುದಿತ್ತು. ಕಪ್ಪು ಪಂಚೆಯವರು ಶಬರಿಮಲೆಗೆ, ಕೆಂಪು ಸೀರೆಯ ಓಂ ಶಕ್ತಿ ಮಾಲೆಯ ಹೆಂಗಸರು ಮೇಲ್ಮರುವತ್ತೂರಿಗೆ, ಹಳದಿ ಬಟ್ಟೆ ಉಟ್ಟವರು ತಿರುಪತಿಗೆ. ಇಷ್ಟೂ ಬಣ್ಣಗಳು ಕೋಲಾರದ ಪಕ್ಕದಲ್ಲೇ ಹಾದು ಹೋಗುತ್ತವೆ. ಕೋಲಾರದವರೂ ಅದರಲ್ಲಿ ಸೇರಿರುತ್ತಾರೆ, ಹಾಗಾಗಿ ಊರು ಇನ್ನಷ್ಟು ಖಾಲಿ. ನಾನು ಚಳಿಗಾಲದಲ್ಲೇ ಹೋಗುವುದಕ್ಕೆ ಇದೊಂದು ಕಾರಣ. ಬೇಸಿಗೆ ಕಳೆದು ಟೊಮೆಟೊ, ಮಾವು ಎರಡೂ ಒಟ್ಟಿಗೆ ನುಗ್ಗುವ ತಿಂಗಳುಗಳಲ್ಲಿ ಕೋಲಾರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎಪಿಎಂಸಿ ಮುಂದೆ ಲಾರಿಗಳ ಸಾಲು, ಕ್ರೇಟುಗಳ ಗೋಪುರ, ನಾಲ್ಕು ಭಾಷೆಗಳಲ್ಲಿ ಹರಾಜು. ಡಿಸೆಂಬರಿನಲ್ಲಿ ಊರು ಸ್ವಲ್ಪ ಸಡಿಲವಾಗಿ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿರುತ್ತದೆ.

ಇಂಥ ಊರು ಒಂದು ಕಾಲಕ್ಕೆ ರಾಜಧಾನಿಯಾಗಿತ್ತು. ಗಂಗರು ತಮ್ಮ ಆಳ್ವಿಕೆ ಶುರು ಮಾಡಿದ್ದು ಇಲ್ಲಿಂದ, ಆಗ ಇದು ಕುವಳಾಲಪುರ. ಸ್ವಲ್ಪ ಕಾಲದ ಮೇಲೆ ಅವರು ಕಾವೇರಿ ದಡದ ತಲಕಾಡಿಗೆ ಹೋದರು. ನೀರಿದ್ದ ಕಡೆ ಹೋದರು, ತಪ್ಪೇನಿಲ್ಲ. ನಮ್ಮ ಜಿಲ್ಲೆಯಿಂದ ಆಮೇಲೆ ಹೋದವರೆಲ್ಲ ಮಾಡಿದ್ದೂ ಅದನ್ನೇ. ಆದರೆ ಶಾಸನಗಳಲ್ಲಿ ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಮಾತ್ರ ಬಿಡಲಿಲ್ಲ. ಬೆಂಗಳೂರಿನಲ್ಲಿ ಮೂರಂತಸ್ತಿನ ಮನೆ ಕಟ್ಟಿ, ಊರ ಕಡೆ ತಲೆ ಹಾಕದೆ, ಹೆಸರಿನ ಹಿಂದಿನ ಇನಿಷಿಯಲ್ಲಿನಲ್ಲಿ ಊರನ್ನು ಉಳಿಸಿಕೊಂಡ ನಮ್ಮ ದೊಡ್ಡ ಮನುಷ್ಯರ ವಂಶ ಎಷ್ಟು ಹಳೆಯದೆಂದು ಆ ಶಾಸನ ಓದಿದಾಗ ಗೊತ್ತಾಗುತ್ತದೆ.

ಗಂಗರಾದಮೇಲೆ ಚೋಳರು ಬಂದರು. ಕೋಲಾರಮ್ಮನ ಗುಡಿಯ ಗೋಡೆಯ ತುಂಬ ತಮಿಳು ಶಾಸನ ಬರೆಸಿದರು, ಅಮ್ಮನನ್ನು ಪಿಡಾರಿ ಎಂದು ಕರೆದರು. ಅಮ್ಮ ಆ ಹೆಸರಿಗೂ ಓಗೊಟ್ಟಿರಬೇಕು. ಈಗಲೂ ಆ ಬೀದಿಯಲ್ಲಿ ಹೂವಿನವಳು ತೆಲುಗಿನಲ್ಲಿ ಬೆಲೆ ಹೇಳುತ್ತಾಳೆ, ಕೊಳ್ಳುವವರು ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ, ಚಿಲ್ಲರೆ ಕೊಡಲು ಪಕ್ಕದ ಅಂಗಡಿಯವನನ್ನು ಉರ್ದುವಿನಲ್ಲಿ ಕೂಗುತ್ತಾಳೆ. ಯಾರಿಗೂ ಭಾಷೆ ಬದಲಾಯಿಸಿದೆ ಎಂಬ ಅರಿವಿರುವುದಿಲ್ಲ.

ಕೋಲಾರಮ್ಮನನ್ನು ನೇರವಾಗಿ ನೋಡಬಾರದಂತೆ, ಅವಳ ದೃಷ್ಟಿ ಅಷ್ಟು ಉಗ್ರ. ಹಾಗಾಗಿ ಕನ್ನಡಿಯಲ್ಲಿ ದರ್ಶನ. ಬೇರೆ ದಿನಗಳಲ್ಲಾದರೆ ಹಿಂದಿನವರ ಮೊಣಕೈ, ಮುಂದಿನವರ ಜಡೆ, ಯಾರದೋ ಮಗುವಿನ ಟೋಪಿ, ಇವೆಲ್ಲದರ ನಡುವೆ ಕನ್ನಡಿಯಲ್ಲಿ ಅಮ್ಮನಿಗಿಂತ ಹೆಚ್ಚಾಗಿ ಭಕ್ತರೇ ಕಾಣಿಸುತ್ತಾರೆ. ಅವತ್ತು ಗುಡಿಯಲ್ಲಿ ನಾವು, ಅರ್ಚಕರು, ಕಂಬಕ್ಕೆ ಒರಗಿ ಕೂತಿದ್ದ ಒಬ್ಬ ಅಜ್ಜಿ, ಇಷ್ಟೇ. ಭಾವಮೈದ ಕನ್ನಡಿ ನೋಡಿದವನೇ ಅಭ್ಯಾಸಬಲದಿಂದ ಕ್ರಾಪು ಸರಿಮಾಡಿಕೊಂಡ. “ನಿನ್ನನ್ನಲ್ಲಪ್ಪ, ಅಮ್ಮನ್ನ ನೋಡು” ಎಂದಳು ಅಜ್ಜಿ.

ಅದೇ ಗುಡಿಯಲ್ಲಿ ಚೇಳಮ್ಮನೂ ಇದ್ದಾಳೆ. ಅವಳಿಗೆ ಕೈಮುಗಿದರೆ ಚೇಳಿನ ಕಾಟವಿಲ್ಲ ಎಂದು ನಂಬಿಕೆ. ಅಲ್ಲಿನ ಹುಂಡಿ ಕಬ್ಬಿಣದ ಡಬ್ಬವಲ್ಲ, ನೆಲದೊಳಕ್ಕೆ ಇಳಿದ ಕಲ್ಲಿನ ಗುಳಿ. ಶತಮಾನಗಳಿಂದ ಜನ ಅದಕ್ಕೆ ಕಾಸು ಹಾಕುತ್ತಲೇ ಬಂದಿದ್ದಾರಂತೆ. ಭಾವಮೈದ ಬಗ್ಗಿ ಒಳಗೆ ಇಣುಕಿ, “ಹಾಗಾದ್ರೆ ಚಿನ್ನ ಇಲ್ಲಿದೆ ಭಾವ” ಎಂದ. ಕ್ಯೂಆರ್ ಕೋಡ್ ಹುಡುಕುತ್ತಿದ್ದಾನೆಂದು ನಾನು ತಿಳಿದಿದ್ದೆ.

ಪಕ್ಕದ ಸೋಮೇಶ್ವರನ ಗುಡಿ ವಿಜಯನಗರದವರ ಕಾಲದ್ದು. ಎತ್ತರದ ಗೋಪುರ, ಒಳಗೆ ಒಂದು ಕಲ್ಯಾಣ ಮಂಟಪ, ಅದರ ಕಂಬಗಳಲ್ಲಿ ಒಂದಿಂಚೂ ಸುಮ್ಮನೆ ಬಿಟ್ಟಿಲ್ಲ. ಇದೇ ಕಂಬಗಳು ಹಂಪಿಯಲ್ಲಿದ್ದಿದ್ದರೆ ಮುಂದೆ ಎಳನೀರಿನವರು, ಗೈಡುಗಳು, ಕೊಡೆ ಹಿಡಿದ ಪರದೇಶದವರು ಎಲ್ಲ ಇರುತ್ತಿದ್ದರು. ಇಲ್ಲಿ ಒಂದು ನಾಯಿ ಬಿಸಿಲು ಬಿದ್ದ ಕಡೆಗೆ ಸರಿಯುತ್ತ ಸರಿಯುತ್ತ ಮಂಟಪದ ಅರ್ಧ ಪ್ರದಕ್ಷಿಣೆ ಮುಗಿಸಿತ್ತು. ನಾವು ಉಳಿದರ್ಧ ಮುಗಿಸಿದೆವು.

ಆದರೆ ಕೋಲಾರದ ಚಳಿಗಾಲ ಎಂದಾಗ ನನಗೆ ನೆನಪಾಗುವುದು ಮಖ್ಬರ. ಹೈದರ್ ಅಲಿಯ ತಂದೆ ಫತೇ ಮಹಮ್ಮದ್ ಮಲಗಿರುವ ಜಾಗ. ಹೈದರ್ ಹುಟ್ಟಿದ್ದೂ ಇಲ್ಲಿಂದ ದೂರವಲ್ಲ, ಬೂದಿಕೋಟೆಯಲ್ಲಿ. ಬೆಳೆದು ಶ್ರೀರಂಗಪಟ್ಟಣಕ್ಕೆ ಹೋದ, ಮೈಸೂರನ್ನು ಆಳಿದ, ಮದರಾಸಿನ ಇಂಗ್ಲಿಷರ ನಿದ್ದೆ ಕೆಡಿಸಿದ. 1782ರ ಡಿಸೆಂಬರ್ 7ರಂದು ಚಿತ್ತೂರಿನ ಹತ್ತಿರದ ನರಸಿಂಗರಾಯನಪೇಟೆಯ ಬಿಡಾರದಲ್ಲಿ ತೀರಿಕೊಂಡ. ಮಗ ಟಿಪ್ಪು ಆಗ ದೂರದ ಮಲಬಾರಿನ ಕಡೆ ಯುದ್ಧದಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಚೆದುರುತ್ತದೆ, ಇಂಗ್ಲಿಷರು ಮೇಲೆ ಬೀಳುತ್ತಾರೆ. ಹೈದರನ ಅಧಿಕಾರಿಗಳಾದ ಪೂರ್ಣಯ್ಯ ಮತ್ತು ಕೃಷ್ಣರಾಯರು ಸುದ್ದಿಯನ್ನು ಅದುಮಿಟ್ಟರು. ದೇಹವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬೆಲೆಬಾಳುವ ಸಾಮಾನು ಸಾಗಿಸುವ ನೆಪದಲ್ಲಿ ಕಾವಲಿನೊಡನೆ ಕೋಲಾರಕ್ಕೆ ಕಳಿಸಿದರು. ಅಪ್ಪನ ಗೋರಿಯ ಪಕ್ಕದಲ್ಲಿ ಹೈದರ್ ಕೆಲಕಾಲ ತಂಗಿದ. ಆಮೇಲೆ ಶ್ರೀರಂಗಪಟ್ಟಣದ ಗುಂಬಜ್‌ಗೆ ಹೋದ.

ಆ ಡಿಸೆಂಬರಿನಲ್ಲೂ ಇಲ್ಲಿ ಇದೇ ಚಳಿ ಇದ್ದಿರಬೇಕು, ಊರಿನವರು ಹೀಗೇ ಕಂಬಳಿ ಹೊದ್ದು ಬೆಂಕಿ ಕಾಯಿಸುತ್ತಿದ್ದಿರಬೇಕು. ಬಾಗಿಲ ಮುಂದೆ ಪೆಟ್ಟಿಗೆಯೊಂದು ಹಾದು ಹೋದದ್ದನ್ನು ನೋಡಿಯೂ ಇರಬೇಕು. ‘ಯಾರೋ ದೊಡ್ಡವರ ಸಾಮಾನು’ ಎಂದುಕೊಂಡು ಮತ್ತೆ ಬೆಂಕಿಯ ಕಡೆ ಕೈ ಚಾಚಿರಬೇಕು. ಕೋಲಾರದವರಿಗೆ ಹಾದು ಹೋಗುವವರ ಬಗ್ಗೆ ಅಷ್ಟು ಕುತೂಹಲವಿಲ್ಲ. ದಿನವೂ ಯಾರಾದರೊಬ್ಬರು ಹಾದು ಹೋಗುತ್ತಲೇ ಇರುತ್ತಾರೆ.

ಭಾವಮೈದ ಈ ಕಥೆಯನ್ನು ಮೌನವಾಗಿ ಕೇಳಿ, “ಇದನ್ನ ಯಾಕೆ ಭಾವ ಯಾರೂ ಸಿನಿಮಾ ಮಾಡಿಲ್ಲ?” ಎಂದ. ಅವನ ಮುಖದಲ್ಲಿ ಚಿನ್ನದ ಆಸೆ ಮೊದಲ ಸಲ ಸ್ವಲ್ಪ ಇಳಿದಿತ್ತು.

ಮಧ್ಯಾಹ್ನ ಅಂತರಗಂಗೆ ಬೆಟ್ಟ ಹತ್ತಿದೆವು. ಶತಶೃಂಗ ಎಂದು ಹೆಸರು. ನೂರು ಶಿಖರ ಎಣಿಸಿದವರು ನನಗಿನ್ನೂ ಸಿಕ್ಕಿಲ್ಲ. ಮೆಟ್ಟಿಲುಗಳ ಇಕ್ಕೆಲದಲ್ಲಿ ಕೋತಿಗಳು ಕೂತಿರುತ್ತವೆ. ಜನ ಕಡಿಮೆಯಿರುವ ಈ ದಿನಗಳಲ್ಲಿ ಅವಕ್ಕೂ ವ್ಯಾಪಾರ ಮಂದ, ಹಾಗಾಗಿ ಬಂದ ಒಬ್ಬಿಬ್ಬರ ಮೇಲೆ ವಿಶೇಷ ಗಮನ. ಭಾವಮೈದನ ಕೈಯಲ್ಲಿದ್ದ ಚಿಪ್ಸಿನ ಪೊಟ್ಟಣವನ್ನು ಒಂದು ಹಿರಿಯ ಕೋತಿ ಅವಸರವಿಲ್ಲದೆ, ಟಿಕೆಟ್ ಹರಿಯುವ ಕಂಡಕ್ಟರನ ಗಾಂಭೀರ್ಯದಿಂದ ಕೈ ನೀಡಿ ತೆಗೆದುಕೊಂಡಿತು. ಅವನು ಜಗ್ಗಲಿಲ್ಲ. ಅಷ್ಟು ಅಧಿಕಾರದಿಂದ ಕೇಳಿದರೆ ಯಾರು ತಾನೆ ಕೊಡುವುದಿಲ್ಲ?

ಮೇಲೆ ಕಾಶಿ ವಿಶ್ವೇಶ್ವರನ ಗುಡಿ, ಕಲ್ಯಾಣಿ, ಕಲ್ಲು ಬಸವನ ಬಾಯಿಂದ ಬೀಳುವ ನೀರು. ಬರಗಾಲದಲ್ಲಿ ಬೋರ್‌ವೆಲ್ ಸಾವಿರಾರು ಅಡಿ ಕೊರೆದರೂ ಧೂಳು ಬಂದ ವರ್ಷಗಳಲ್ಲೂ ಈ ಬಸವ ಬಾಯಿ ಮುಚ್ಚಿಲ್ಲ ಎಂದು ಊರಿನವರು ಹೆಮ್ಮೆಯಿಂದ ಹೇಳುತ್ತಾರೆ. ಮಳೆ ಬಂಗಾಳ ಕೊಲ್ಲಿಯದು, ಕೆರೆಯ ನೀರು ಕೋರಮಂಗಲದ್ದು. ಇದೊಂದು ಎಳೆ ನೀರು ಮಾತ್ರ ಕೋಲಾರದ ಸ್ವಂತದ್ದು. ಬೊಗಸೆಯೊಡ್ಡಿ ಕುಡಿದೆ. ಡಿಸೆಂಬರಿನಲ್ಲಿ ಅದು ಹಲ್ಲಿನ ಬೇರಿನವರೆಗೂ ಇಳಿಯುತ್ತದೆ.

ಇನ್ನೂ ಮೇಲೆ ಹೋದರೆ ಬೆಟ್ಟದ ನೆತ್ತಿಯಲ್ಲಿ ತೇರಹಳ್ಳಿ ಮೊದಲಾದ ಊರುಗಳಿವೆ. ಹೊಲ, ಮನೆ, ದನಕರು ಎಲ್ಲವೂ ಇವೆ. ಅಲ್ಲಿ ನಿಂತರೆ ಕೆಳಗಿನ ಹೆದ್ದಾರಿ, ಅದರ ಮೇಲೆ ಕಪ್ಪು ಕೆಂಪು ಹಳದಿ ಚುಕ್ಕೆಗಳು ಎಲ್ಲ ಕಾಣುತ್ತವೆ. ರಾಗಿ ಮೆದೆ ಒಟ್ಟುತ್ತಿದ್ದ ಒಬ್ಬರು, “ಎಲ್ಲಿಂದ ಬಂದಿರಣ್ಣ?” ಎಂದು ಕೇಳಿದರು. ಮಾಲೂರು ಎಂದೆ. “ಏನ್ ಕೆಲಸದ ಮೇಲೆ?” ಇಲ್ಲಿಯೂ ಅದೇ ಪ್ರಶ್ನೆ!

ರಾತ್ರಿ ತಂಗಿದ್ದು ಸೋದರತ್ತೆಯ ಮನೆಯಲ್ಲಿ. ಡಿಸೆಂಬರಿನಲ್ಲಿ ನಮ್ಮ ಕಡೆ ನೆಂಟರ ಮನೆಗೆ ಹೋಗುವವರು ಒಂದು ವಿಷಯ ತಿಳಿದಿರಬೇಕು: ಅವರೆಕಾಯಿ ಕಾಲದಲ್ಲಿ ಅತಿಥಿ ಎಂಬುವನು ಇಲ್ಲ, ಕೂಲಿಯಾಳು ಮಾತ್ರ ಇರುತ್ತಾನೆ. ಅತ್ತೆ, “ಬಾರಪ್ಪ, ಎಷ್ಟು ದಿನ ಆಯ್ತು, ಇಳಿದು ಹೋಗಿದ್ದೀಯ” ಎನ್ನುತ್ತಲೇ ಮುಂದೆ ಒಂದು ಮೊರ ಇಟ್ಟರು. ನೆನೆಸಿಟ್ಟ ಕಾಳನ್ನು ಬೆರಳ ನಡುವೆ ಹಿಡಿದು ಒತ್ತಿದರೆ ಬೇಳೆ ಪುಸಕ್ಕನೆ ಹೊರಕ್ಕೆ ಚಿಮ್ಮಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಭಾವಮೈದನ ಬೇಳೆ ಟಿ.ವಿ. ಹಿಂದೆ, ಸೋಫಾ ಕೆಳಗೆ, ಅತ್ತೆಯ ಕನ್ನಡಕದ ಮೇಲೆ ಬಿತ್ತು. ಸೊಗಡಿರುವ ಅವರೆ ಬೇಕಾದರೆ ಮಂಜು ಬಿದ್ದಿರಬೇಕು ಎಂದು ಅತ್ತೆ ವಿವರಿಸಿದರು. ತಿಂಗಳು ಕಳೆದಂತೆ ಸೊಗಡು ಹೋಗುತ್ತದೆ, ಬೆಲೆಯೂ ಇಳಿಯುತ್ತದೆ, ಆಗ ತಿನ್ನುವವರಿಗೆ ನಾಲಿಗೆ ಇಲ್ಲ ಎಂದೇ ಅರ್ಥವಂತೆ.

ಆ ರಾತ್ರಿಯ ಹಿತಕಿದ ಬೇಳೆ ಸಾರು, ರಾಗಿ ಮುದ್ದೆ, ಮೇಲೆ ಒಂದು ಚಮಚ ತುಪ್ಪ ಇವುಗಳ ಬಗ್ಗೆ ಹೆಚ್ಚು ಬರೆಯುವುದು ದೂರದಲ್ಲಿರುವ ಓದುಗರಿಗೆ ಮಾಡುವ ಅನ್ಯಾಯ. ಕೈ ತೊಳೆದ ಮೇಲೂ ಬೆರಳಿನಲ್ಲಿ ಸೊಗಡು ಇತ್ತು ಎಂದಷ್ಟೇ ಹೇಳುತ್ತೇನೆ. ಮಾವನಿಗೆ ಶ್ರೀನಿವಾಸಪುರದ ಕಡೆ ಸ್ವಲ್ಪ ಮಾವಿನ ತೋಟ. ಅವರು ಊಟದ ನಡುವೆಯೂ ಎದ್ದು ಹೋಗಿ ಆಕಾಶ ನೋಡಿ ಬಂದರು. ಈ ತಿಂಗಳಲ್ಲಿ ಮಾವು ಹೂ ಬಿಡುತ್ತದೆ. ಮೋಡ ಕವಿದರೆ ಜಿಗಿಹುಳು, ಮಂಜು ಹೆಚ್ಚಾದರೆ ಬೂದಿ ರೋಗ. ಅತ್ತೆಯ ಅವರೆಗೆ ಮಂಜು ಬೇಕು, ಮಾವನ ಮಾವಿಗೆ ಮಂಜು ಬೇಡ. ನಲವತ್ತು ವರ್ಷದ ಸಂಸಾರದಲ್ಲಿ ಪ್ರತಿ ಡಿಸೆಂಬರೂ ಈ ಒಂದು ವಿಷಯಕ್ಕೆ ಇಬ್ಬರೂ ಬೇರೆ ಬೇರೆ ದೇವರಿಗೆ ಹರಕೆ ಹೊರುತ್ತಾರೆ.

ಮರುದಿನ ಆವನಿಗೆ ಹೋದೆವು. ವಾಲ್ಮೀಕಿ ಆಶ್ರಮ ಇಲ್ಲಿತ್ತು, ಲವಕುಶರು ಹುಟ್ಟಿದ್ದು ಈ ಬೆಟ್ಟದ ಮೇಲೆ ಎಂದು ಸ್ಥಳಪುರಾಣ. ಬೆಟ್ಟದ ಮೇಲೆ ಸೀತಮ್ಮನ ಗುಡಿ, ಕೆಳಗೆ ಒಂದೇ ಅಂಗಳದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿಗೆ ಬೇರೆ ಬೇರೆ ಗುಡಿ. ನೊಳಂಬರ ಕಾಲದ ಕೆಲಸ. ಕೆತ್ತನೆಯಲ್ಲಿ ಲಕ್ಷ್ಮಣನ ಗುಡಿ ಅಣ್ಣನದನ್ನೂ ಮೀರಿಸುತ್ತದೆ. ಹದಿನಾಲ್ಕು ವರ್ಷ ನಿದ್ದೆಗೆಟ್ಟು ಕಾದವನಿಗೆ ಶಿಲ್ಪಿಗಳಾದರೂ ನ್ಯಾಯ ಕೊಟ್ಟರಲ್ಲ ಎಂದು ಸಮಾಧಾನವಾಗುತ್ತದೆ. ಹತ್ತನೆಯ ಶತಮಾನದಲ್ಲಿ ಇಲ್ಲಿದ್ದ ತ್ರಿಭುವನಕರ್ತಾರ ಎಂಬ ಗುರುಗಳು ನಲವತ್ತು ವರ್ಷ ಈ ಸ್ಥಾನವನ್ನು ನಡೆಸಿ ಐವತ್ತು ಗುಡಿ, ಎರಡು ದೊಡ್ಡ ಕೆರೆ ಕಟ್ಟಿಸಿದರೆಂದು ಶಾಸನ ಹೇಳುತ್ತದೆ. ಆವನಿಗೆ ಹೋಗುವ ರಸ್ತೆಯ ಗುಂಡಿಗಳಲ್ಲಿ ಕುಲುಕಿಕೊಂಡು ಹೋದವರಿಗೆ ಈ ಅಂಕಿ ಹೆಚ್ಚು ಚೆನ್ನಾಗಿ ನೆನಪಿರುತ್ತದೆ. ಶಿವರಾತ್ರಿಯ ಜಾತ್ರೆಯಲ್ಲಿ ಈ ಬಯಲು ತುಂಬಿ ತುಳುಕುತ್ತದೆ. ಅವತ್ತು ಅಲ್ಲಿ ಹುರುಳಿ ಒಣಹಾಕಿದ್ದರು.

ಕೊನೆಗೆ ಮುಳಬಾಗಿಲು. ಹೆಸರಿನಲ್ಲೇ ಮೂಡಣ ಬಾಗಿಲು ಇದೆ. ಡಿ.ವಿ.ಜಿ. ಹುಟ್ಟಿದ ಊರು. ಪೇಟೆಯಾಚೆ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನ. ಇಲ್ಲಿಯ ಬಂಡೆಗಳ ನಡುವೆ 1768ರ ಅಕ್ಟೋಬರ್ 4ರಂದು ಹೈದರನಿಗೂ ಕರ್ನಲ್ ವುಡ್‌ನ ಇಂಗ್ಲಿಷ್ ಸೈನ್ಯಕ್ಕೂ ಯುದ್ಧ ನಡೆಯಿತು. ವುಡ್ ಸೋಲುವುದರಲ್ಲಿದ್ದ. ಆಗ ಕ್ಯಾಪ್ಟನ್ ಬ್ರೂಕ್ ಎಂಬವನು ಗಾಯಾಳುಗಳನ್ನೂ ಸೇರಿಸಿಕೊಂಡು ಒಂದು ಬಂಡೆಯ ಮೇಲೆ ಫಿರಂಗಿ ಎಳೆದುಕೊಂಡು ಹೋಗಿ, ‘ಸ್ಮಿತ್! ಸ್ಮಿತ್!’ ಎಂದು ಎಲ್ಲರ ಕೈಲೂ ಕೂಗಿಸಿದ. ಕರ್ನಲ್ ಸ್ಮಿತ್ ದೊಡ್ಡ ಸೈನ್ಯದೊಡನೆ ಬಂದೇಬಿಟ್ಟ ಎಂದುಕೊಂಡು ಹೈದರನ ದಂಡು ಹಿಂದಕ್ಕೆ ಸರಿಯಿತು. ನಿಜಕ್ಕೂ ಸ್ಮಿತ್ ಅಲ್ಲೆಲ್ಲೂ ಇರಲಿಲ್ಲ. ಬಾರದವರ ಹೆಸರು ಹೇಳಿಯೇ ಗೆದ್ದ ಯುದ್ಧ ಇದು.

ಆಂಜನೇಯನ ಗುಡಿಯ ಬೀದಿಯಲ್ಲಿ ಮಾತ್ರ ಚಳಿಗಾಲದ ನಿಶ್ಶಬ್ದ ಇಲ್ಲ. ತಿರುಪತಿಗೆ ಹೋಗುವವರು ಇಲ್ಲಿಳಿದು ಹನುಮಂತನಿಗೆ ಕೈಮುಗಿದೇ ಹೋಗುವುದು ವಾಡಿಕೆ, ಧನುರ್ಮಾಸವೆಂದರೆ ಕೇಳಬೇಕೆ? ನಾವು ದೋಸೆ ತಿನ್ನಲು ಕೂತೆವು. ಮುಳಬಾಗಿಲು ದೋಸೆ ದಪ್ಪ, ಮೆತ್ತಗೆ, ಕೆಳಗೆ ಕೆಂಪಗೆ ಗರಿಗರಿ, ಮೇಲೆ ಧಾರಾಳವಾದ ತುಪ್ಪ, ಒಳಗೆ ಕೆಂಪು ಚಟ್ನಿ. ಪಕ್ಕದ ಟೇಬಲ್ಲಿನಲ್ಲಿ ಬೆಂಗಳೂರಿನ ಒಂದು ಕುಟುಂಬ. ಹಳದಿ ಶಲ್ಯ ಹೊದ್ದ ಯಜಮಾನರು ಕೈ ಒರೆಸಿಕೊಳ್ಳುತ್ತ ಹೋಟೆಲಿನವನನ್ನು ಕೇಳಿದರು, “ಈ ಕಡೆ ನೋಡೋ ಅಂಥದ್ದು ಏನಾದ್ರೂ ಇದೆಯಾ?”

ಹೋಟೆಲಿನವನು ಬಾಯಿ ತೆರೆಯುವ ಮೊದಲೇ ನನ್ನ ಭಾವಮೈದ ಕುರ್ಚಿ ಅತ್ತ ತಿರುಗಿಸಿದ. ಗಂಗರಿಂದ ಶುರು ಮಾಡಿದ. ಕನ್ನಡಿಯ ಅಮ್ಮ, ನೆಲದೊಳಗಿನ ಹುಂಡಿ, ಡಿಸೆಂಬರಿನ ಪೆಟ್ಟಿಗೆ, ಅಣ್ಣನಿಗಿಂತ ಚೆಂದದ ತಮ್ಮನ ಗುಡಿ, ಬಾರದ ಸ್ಮಿತ್, ಯಾವುದನ್ನೂ ಬಿಡಲಿಲ್ಲ. ಅವರೆಕಾಳಿನ ಸೊಗಡಿಗೆ ಬಂದಾಗ ಅತ್ತೆಯ ಧ್ವನಿಯೇ ಬಂತು. ಯಜಮಾನರು ತಲೆದೂಗುತ್ತ ಕೇಳಿ, ಕಡೆಗೆ ಗಡಿಯಾರ ನೋಡಿಕೊಂಡರು. “ಸಂಜೆ ದರ್ಶನದ ಟಿಕೆಟ್ ಇದೆಯಪ್ಪ. ಬರುವಾಗ ನೋಡ್ಕೊಂಡು ಹೋಗ್ತೀವಿ.”

“ಬರುವಾಗ ರಾತ್ರಿ ಆಗಿರುತ್ತೆ ಸಾರ್, ಹಿಂದಿನ ಸೀಟಲ್ಲಿ ಎಲ್ಲಾ ಮಲಗಿರ್ತೀರ” ಎಂದ ಹೋಟೆಲಿನವನು, ಕಾವಲಿಯ ಮೇಲೆ ನೀರು ಚಿಮುಕಿಸುತ್ತ. “ಎಲ್ಲರೂ ಹಂಗೇ ಅಂತಾರೆ. ಇನ್ನೊಂದು ದೋಸೆ ಹಾಕ್ಲಾ?”